ಷರತ್ತುಬದ್ಧ ಸಂಭವನೀಯತೆ: ಛೇದದ ಆಯ್ಕೆ

ಪಠ್ಯಸಂಚಯಗಳನ್ನು ಆಧರಿಸಿದ ಅಧ್ಯಯನಗಳಲ್ಲಿ ‘ಕ’ ಎಂಬ ಘಟಕದ ನಂತರ ‘ಖ’ ಬರುವ ಸಂಭವನೀಯತೆಯನ್ನೂ ‘ಖ’ದ ಹಿಂದೆ ‘ಕ’ ಇರುವ ಸಂಭವನೀಯತೆಯನ್ನೂ ಒಂದೇ ಎಂದು ಭಾವಿಸುವುದುಂಟು. ಇವೆರಡೂ ಭಿನ್ನ ಪರಿಮಾಣಗಳು. ಎರಡರಲ್ಲಿಯೂ ಅಂಶ ಒಂದೇ, ಅಂದರೆ ‘ಕಖ’ ಜೋಡಿಗಳ ಸಂಖ್ಯೆ. ಛೇದ ಮಾತ್ರ ಬೇರೆ. ಯಾವುದು ಷರತ್ತೋ ಅದರ ಒಟ್ಟು ಸಂಖ್ಯೆಯೇ ಛೇದವಾಗುತ್ತದೆ.

ಇದಕ್ಕೆ ಆಂದ್ರೇ ಮಾರ್ಕೋವ್ ಅವರು 1913ರಲ್ಲಿ ಮಂಡಿಸಿದ ಗಣನೆಯನ್ನು ನಿದರ್ಶನವಾಗಿ ನೋಡಬಹುದು. ಪುಷ್ಕಿನ್‌ನ ‘ಯೆವ್ಗೇನಿ ಒನೇಗಿನ್’ ಕಾವ್ಯದ ಮೊದಲ 20,000 ಅಕ್ಷರಗಳಲ್ಲಿ ಅವರು 8,638 ಸ್ವರಗಳನ್ನೂ 11,362 ವ್ಯಂಜನಗಳನ್ನೂ ಎಣಿಸಿದರು. ಸ್ವರದ ನಂತರ ಸ್ವರ ಬಂದ ಜೋಡಿಗಳು 1,104. ಯಾವ ಷರತ್ತೂ ಇಲ್ಲದಿದ್ದಾಗ ಸ್ವರದ ಸಂಭವನೀಯತೆ 8,638/20,000, ಅಂದರೆ 0.432. ಹಿಂದಿನ ಅಕ್ಷರ ಸ್ವರವೆಂದು ತಿಳಿದಿದ್ದರೆ ಅದು 1,104/8,638, ಅಂದರೆ 0.128ಕ್ಕೆ ಇಳಿಯುತ್ತದೆ. ಅಕ್ಷರಗಳು ಪರಸ್ಪರ ಸ್ವತಂತ್ರವಾಗಿದ್ದಲ್ಲಿ ಈ ಎರಡು ಬೆಲೆಗಳು ಸಮವಾಗಿರಬೇಕಿತ್ತು. ಸ್ವರಜೋಡಿಗಳು ಸುಮಾರು 3,731 ಇರಬೇಕಿತ್ತು.

ಈಗ ದಿಕ್ಕನ್ನು ಗಮನಿಸೋಣ. ಪಠ್ಯದ ತುದಿಯಲ್ಲಿ ಉಂಟಾಗುವ ಒಂದರ ವ್ಯತ್ಯಾಸವನ್ನು ಬಿಟ್ಟರೆ, ವ್ಯಂಜನದ ನಂತರ ಸ್ವರ ಬಂದ ಜೋಡಿಗಳು 8,638 − 1,104 = 7,534. ವ್ಯಂಜನವನ್ನು ಷರತ್ತಾಗಿಸಿಕೊಂಡರೆ ಮುಂದೆ ಸ್ವರ ಬರುವ ಸಂಭವನೀಯತೆ 7,534/11,362 = 0.663. ಸ್ವರವನ್ನು ಷರತ್ತಾಗಿಸಿಕೊಂಡರೆ ಅದರ ಹಿಂದೆ ವ್ಯಂಜನವಿರುವ ಸಂಭವನೀಯತೆ 7,534/8,638 = 0.872. ಜೋಡಿಗಳು ಅವೇ, ನಿರ್ಣಯಗಳು ಬೇರೆ. ಒಂದರಿಂದ ಇನ್ನೊಂದನ್ನು ಪಡೆಯಲು ಬೇಯ್ಸ್ ಸೂತ್ರ ನೆರವಾಗುತ್ತದೆ: 0.663 × 0.568 ÷ 0.432 = 0.872. ಇಲ್ಲಿ 0.568 ಎಂಬುದು ವ್ಯಂಜನದ ಷರತ್ತುರಹಿತ ಸಂಭವನೀಯತೆ.

ಛೇದವನ್ನು ಆರಿಸುವ ಮೊದಲು ಎಣಿಕೆಯ ಘಟಕವನ್ನು ನಿಶ್ಚಯಿಸಿಕೊಳ್ಳಬೇಕು. ಸ್ವರವೂ ವ್ಯಂಜನವೂ ಅಲ್ಲದ ಎರಡು ರಷ್ಯನ್ ಚಿಹ್ನೆಗಳನ್ನು ಮಾರ್ಕೋವ್ ಎಣಿಕೆಯಿಂದ ಕೈಬಿಟ್ಟಿದ್ದರು. ಕನ್ನಡದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ‘ಮನೆ’ ಎಂಬ ಪದವನ್ನು ಯೂನಿಕೋಡ್‌ನಲ್ಲಿ ಮಕಾರ, ನಕಾರ ಮತ್ತು ಎತ್ವದ ಚಿಹ್ನೆ ಎಂಬ ಮೂರು ಸಂಕೇತಗಳಾಗಿ ದಾಖಲಿಸಲಾಗುತ್ತದೆ. ಮಕಾರದಲ್ಲಿ ಅಡಗಿರುವ ಅಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಸಂಕೇತಗಳನ್ನೇ ಎಣಿಸಿದರೆ ಉಚ್ಚಾರಣೆಯಲ್ಲಿ ಇಲ್ಲದ ವ್ಯಂಜನಜೋಡಿಯೊಂದು ಲೆಕ್ಕಕ್ಕೆ ಸೇರುತ್ತದೆ, ಇರುವ ಸ್ವರವೊಂದು ತಪ್ಪಿಹೋಗುತ್ತದೆ. ಆದುದರಿಂದ ಲಿಪಿಯನ್ನು ಮೊದಲು ಧ್ವನಿಮಾಗಳಾಗಿ ಬಿಡಿಸಿಕೊಂಡು, ಷರತ್ತನ್ನು ಸ್ಪಷ್ಟವಾಗಿ ನಮೂದಿಸಿ, ಆ ಬಳಿಕವಷ್ಟೇ ಭಾಗಾಕಾರಕ್ಕೆ ತೊಡಗುವುದು ಯುಕ್ತವೆಂದು ನಾವು ಭಾವಿಸುತ್ತೇವೆ.