ವಿದ್ಯುತ್ ಸ್ಕೂಟರ್: ಕೊಳ್ಳುವ ಮುನ್ನ ಮನೆಯ ಪ್ಲಗ್ಗು ನೋಡಿ

ಜರಗನಹಳ್ಳಿಯಿಂದ ಕನಕಪುರ ರಸ್ತೆ ಹಿಡಿದು ಮೆಜೆಸ್ಟಿಕ್ಕಿಗೆ ಹೋಗಿಬಂದರೆ ಸುಮಾರು 25 ಕಿ.ಮೀ. ಆಗುತ್ತದೆ. ದಿನವೂ ಇಷ್ಟು ಓಡಾಡುವ ಗೃಹಸ್ಥರಿಗೆ ವಿದ್ಯುತ್ ಸ್ಕೂಟರ್ ಹಿತವೇ? ಬೆಂಗಳೂರಿನದೇ ಆದ ಏಥರ್ ಸಂಸ್ಥೆಯು 2018ರಲ್ಲಿ ಇಲ್ಲಿ ಮಾರಾಟ ಆರಂಭಿಸಿದಂದಿನಿಂದ ಅನೇಕ ಕುಟುಂಬಗಳಲ್ಲಿ ಈ ಪ್ರಶ್ನೆ ಎದ್ದಿದೆ.

ಖರ್ಚಿನ ಲೆಕ್ಕ ಸುಲಭ. 3 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ತುಂಬಲು ಮೂರೂವರೆ ಯೂನಿಟ್ ಬೇಕೆಂದುಕೊಳ್ಳೋಣ. ಯೂನಿಟ್ಟಿಗೆ 6 ರೂ.ನಂತೆ 21 ರೂ. ಆಯಿತು, ನಗರದಲ್ಲಿ ಸುಮಾರು 80 ಕಿ.ಮೀ. ಸಾಗಬಹುದು. ಜಾಹೀರಾತು ಹೇಳುವ ದೂರ ಇದಕ್ಕಿಂತ ಹೆಚ್ಚಿರುತ್ತದೆ, ಅದನ್ನು ನಂಬಿ ಹೊರಡಬಾರದು. ಅಷ್ಟೇ ದೂರಕ್ಕೆ ಪೆಟ್ರೋಲಿಗೆ 180 ರೂ.ಗಳಷ್ಟು ತಗಲುತ್ತದೆ. ಅಂದರೆ ದಿನಕ್ಕೆ ಸುಮಾರು 50 ರೂ. ಉಳಿತಾಯ.

ಆದರೆ ಬಂಧುಗಳು ಹಿಂದೆ ಕೊಂಡ ಬೆಲೆಯನ್ನು ಆಧಾರವಾಗಿಟ್ಟುಕೊಳ್ಳಬೇಡಿ. ಕಿಲೋವ್ಯಾಟ್-ಗಂಟೆಗೆ 15,000 ರೂ. ಇದ್ದ ಕೇಂದ್ರದ ಸಹಾಯಧನವು 2023ರ ಜೂನ್‌ನಲ್ಲಿ 10,000ಕ್ಕೂ 2024ರಲ್ಲಿ 5,000ಕ್ಕೂ ಇಳಿಯಿತು.

ನಿಜವಾದ ತೊಡಕು ಬಾಡಿಗೆ ಮನೆಯವರದು. ಮೂರನೆಯ ಮಹಡಿಯಲ್ಲಿ ವಾಸ, ಸ್ಕೂಟರ್ ಕೆಳಗೆ, ಅಲ್ಲಿನ ಮೀಟರು ಮಾಲೀಕರದು. ಅನೇಕ ಮಾದರಿಗಳ ಬ್ಯಾಟರಿಯನ್ನು ಬಿಚ್ಚಿ ಮೇಲೆ ಒಯ್ಯಲಾಗದು. ಕಿಟಕಿಯಿಂದ ತಂತಿ ಇಳಿಬಿಟ್ಟು ರಾತ್ರಿಯಿಡೀ ಚಾರ್ಜಿಗಿಡುವುದಂತೂ ಅಪಾಯವೇ ಸರಿ. 2022ರಲ್ಲಿ ದೇಶದ ಕೆಲವೆಡೆ ಇಂಥ ಸ್ಕೂಟರುಗಳಿಗೆ ಬೆಂಕಿ ಹೊತ್ತಿದ ಮೇಲೆ ಬ್ಯಾಟರಿಯ ಸುರಕ್ಷತಾ ನಿಯಮಗಳು ಬಿಗಿಯಾದವು ನಿಜ. ಆದರೆ ಮನೆಯ ಹಳೆಯ ತಂತಿಗೆ ಆ ನಿಯಮ ತಟ್ಟದು. ಅರ್ತಿಂಗ್ ಸರಿಯಿರುವ ಸಾಕೆಟ್ಟನ್ನು ಕೆಳಗೆ ಹಾಕಿಸಲು ಮಾಲೀಕರು ಒಪ್ಪಿದರೆ, ಪ್ರತ್ಯೇಕ ಸಬ್‌ಮೀಟರ್ ಇಟ್ಟು ತಿಂಗಳ ಲೆಕ್ಕ ಚುಕ್ತಾ ಮಾಡಬಹುದು. ಒಪ್ಪದಿದ್ದಲ್ಲಿ ಬಿಚ್ಚಬಹುದಾದ ಬ್ಯಾಟರಿಯ ಮಾದರಿಯನ್ನೇ ನೋಡಬೇಕು.

ಇನ್ನೊಂದು ಮಾತು: ಈ ಗಾಡಿಗೆ ಸದ್ದಿಲ್ಲ. ಸಾರಕ್ಕಿ ಸಿಗ್ನಲ್ಲಿನಲ್ಲಿ ರಸ್ತೆ ದಾಟುವ ವೃದ್ಧರಿಗೆ ನೀವು ಬಂದದ್ದೇ ತಿಳಿಯದು.