ಒಳನಾಡಿನವರೂ ವಿಷದ ಚಿಪ್ಪುಗಳೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಿಂದ ಕಡಲು ೨೦೦ ಕಿಲೋಮೀಟರಿಗೂ ಮಿಕ್ಕ ದೂರದಲ್ಲಿದೆ. ಆದರೂ ಕಡಲಿನ ಚಿಪ್ಪು ಇಲ್ಲಿಯ ಬಾಳಿಗೆ ಹೊಸದಲ್ಲ. ದಾಸಯ್ಯನ ಕೈಯಲ್ಲಿ ಶಂಖವುಂಟು. ಜಗುಲಿಯ ಚೌಕಾಬಾರದಲ್ಲಿ ಕವಡೆಯುಂಟು. ಕವಡೆಯು ಹಿಂದೆ ನಾಣ್ಯವಾಗಿ ನಡೆದುದರ ನೆನಪು ‘ಕವಡೆಕಾಸು’ ಎಂಬ ಮಾತಿನಲ್ಲಿ ಇನ್ನೂ ಉಳಿದಿದೆ. ಮಾಲ್ಡೀವ್ಸ್ ದ್ವೀಪಗಳ ಕವಡೆಗಳು ಹಡಗೇರಿ ಬಂಗಾಳಕ್ಕೂ ಪಶ್ಚಿಮ ಆಫ್ರಿಕಕ್ಕೂ ಹೋಗುತ್ತಿದ್ದುದನ್ನು ಆರ್ಥಿಕ ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಆದರೆ ನಮ್ಮ ಸೀಮೆಗೆ ಬಂದ ಚಿಪ್ಪುಗಳೆಲ್ಲ ಒಳಗಿನ ಜೀವಿಯು ಅಳಿದು ಬರಿದಾದ ಮೇಲೆ ಬಂದವು. ಚಿಪ್ಪೆಂದರೆ ನಿರ್ಜೀವ ವಸ್ತುವೆಂಬ ಭಾವನೆ ನಮ್ಮಲ್ಲಿ ಬೇರೂರಿದುದು ಇದರಿಂದಲೇ ಎಂದು ನಮಗೆ ತೋರುತ್ತದೆ.

ಈ ಭಾವನೆ ಎಷ್ಟು ಅಪಾಯಕರವೆಂಬುದು ನಮಗೆ ಮನವರಿಕೆಯಾದುದು ವಿದ್ಯಾರ್ಥಿಗಳೊಡನೆ ಕಡಲ ತೀರಕ್ಕೆ ಹೋದಾಗ. ಇಳಿತದ ವೇಳೆಯಲ್ಲಿ ಬಂಡೆಗಳ ನಡುವಣ ನೀರಿನಿಂದ ಒಬ್ಬ ಹುಡುಗನು ಶಂಕುವಿನ ಆಕಾರದ, ಚಿತ್ತಾರದ ಚಿಪ್ಪೊಂದನ್ನೆತ್ತಿ ಜೇಬಿಗೆ ಹಾಕಿಕೊಂಡನು. ಸಮೀಪದಲ್ಲಿದ್ದ ಬೆಸ್ತರ ಮುದುಕಿಯೊಬ್ಬಳು, “ಜೀವ ಇರುವ ಚಿಪ್ಪು ಮಗಾ, ಬಿಟ್ಟುಬಿಡು” ಎಂದು ಗದರಿ ಅದನ್ನು ನೀರಿಗೆ ಹಾಕಿಸಿದಳು. ಹುಡುಗರನ್ನು ಕರೆದೊಯ್ದಿದ್ದ ನಮಗೂ ಆಗ ಏನೂ ತಿಳಿದಿರಲಿಲ್ಲವೆಂಬುದು ನಾಚಿಕೆಯ ಮಾತು.

ಕೋನಸ್ ಎಂಬ ಈ ಕಡಲ ಬಸವನಹುಳುಗಳಲ್ಲಿ ೮೦೦ಕ್ಕೂ ಮೀರಿದ ಜಾತಿಗಳುಂಟು, ಎಲ್ಲವೂ ವಿಷವುಳ್ಳವು. ಹುಳುಗಳನ್ನು ತಿಂದು ಬದುಕುವ ಜಾತಿಗಳಿಗಿಂತ ಮೀನನ್ನು ಬೇಟೆಯಾಡುವವು ಮನುಷ್ಯನಿಗೆ ಹೆಚ್ಚು ಘಾತಕ. ತೆವಳುವ ಪ್ರಾಣಿಯು ಈಜುವ ಪ್ರಾಣಿಯನ್ನು ಹಿಡಿಯಬೇಕಾದರೆ ವಿಷವು ಕ್ಷಣಮಾತ್ರದಲ್ಲಿ ಕೆಲಸಮಾಡಬೇಕಷ್ಟೆ. ಇದರ ಹಲ್ಲು ಟೊಳ್ಳಾದ ಈಟಿಯಾಗಿ ಮಾರ್ಪಟ್ಟಿದೆ. ಸೊಂಡಿಲಿನ ತುದಿಯಿಂದ ಚಿಮ್ಮಿ ಬಟ್ಟೆಯನ್ನೂ ತೂರಬಲ್ಲುದು. ಸೊಂಡಿಲು ಬಹುದೂರ ಚಾಚುವುದರಿಂದ, ಚಿಪ್ಪನ್ನು ಎಲ್ಲಿ ಹಿಡಿದರೂ ಕ್ಷೇಮವಿಲ್ಲ.

ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಅಂಬೋನ್ ದ್ವೀಪದಲ್ಲಿದ್ದ ರಂಫಿಯಸನ ಗ್ರಂಥ ೧೭೦೫ರಲ್ಲಿ, ಅವನು ತೀರಿಕೊಂಡ ಮೇಲೆ, ಪ್ರಕಟವಾಯಿತು. ಬಾಂಡಾ ದ್ವೀಪದಲ್ಲಿ ಗುಲಾಮ ಸ್ತ್ರೀಯೊಬ್ಬಳು ಇಂಥ ಚಿಪ್ಪನ್ನು ಕೈಯಲ್ಲಿ ಹಿಡಿದು ಸತ್ತ ಸಂಗತಿ ಅದರಲ್ಲಿದೆ. ಅದೇ ಶತಮಾನದ ಕೊನೆಯಲ್ಲಿ ಹಾಲೆಂಡಿನಲ್ಲಿ ಒಂದು ಕೋನಸ್ ಚಿಪ್ಪು ವರ್ಮೀರನ ಚಿತ್ರಕ್ಕಿಂತ ಹಲವು ಪಟ್ಟು ಹೆಚ್ಚಿನ ಬೆಲೆಗೆ ಹರಾಜಾಯಿತು. ಶ್ರೀಮಂತರ ಕಪಾಟನ್ನು ಸೇರಿದ ಚಿಪ್ಪುಗಳನ್ನು ನೀರಿನಿಂದ ಎತ್ತಿದ ಕೈಗಳು ಯಾರವು? ಇತಿಹಾಸಕಾರನು ಕೇಳಲೇಬೇಕಾದ ಪ್ರಶ್ನೆಯಿದು. ೧೯೩೫ರಲ್ಲಿ ಆಸ್ಟ್ರೇಲಿಯದ ಹೇಮನ್ ದ್ವೀಪದಲ್ಲಿ ೨೭ ವರ್ಷದ ಯುವಕನೊಬ್ಬನು ಇಂಥ ಚಿಪ್ಪನ್ನು ಚಾಕುವಿನಿಂದ ಕೆರೆಯುತ್ತಿದ್ದಾಗ ಕುಟುಕಿಸಿಕೊಂಡು ಕೆಲವೇ ಗಂಟೆಗಳಲ್ಲಿ ಮೃತನಾದನು.

ಕುಟುಕು ಕೆಲವೊಮ್ಮೆ ನೋಯುವುದೇ ಇಲ್ಲ, ಮೋಸವಿರುವುದು ಅಲ್ಲಿ. ಮೊದಲು ಜೋಮು, ಬಳಿಕ ಮಸುಕಾದ ದೃಷ್ಟಿ, ಮಾತಿನ ತೊದಲು, ಕೊನೆಗೆ ಉಸಿರಾಟದ ಸ್ನಾಯುಗಳ ಸೋಲು. ಇದಕ್ಕೆ ಪ್ರತಿವಿಷವಿಲ್ಲ. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು ಸಲ್ಲದು. ಕುಟುಕಿದ ಕೈಕಾಲನ್ನು ಅಗಲವಾದ ಬಟ್ಟೆಯ ಪಟ್ಟಿಯಿಂದ ಸುತ್ತಿ, ಅಲುಗದಂತೆ ಕಟ್ಟಿ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ದಾರಿಯಲ್ಲಿ ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರನ್ನು ಊದುತ್ತಿರಬೇಕು. ವಿಷದ ಪ್ರಭಾವವು ಇಳಿಯುವವರೆಗೆ ಉಸಿರಾಟ ನಡೆದರೆ ರೋಗಿಯು ಉಳಿಯಬಲ್ಲನು.