ಮನೆಯ ಕಂಪ್ಯೂಟರ್ ಮೇಜು: ಅಳತೆ ಯಾರದು?

ಮೇಜಿನ ಮುಂದೆ ಕುಳಿತು ದುಡಿಯುವವರ ಬೇನೆ ಹೊಸದೇನೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಟ್ಸೀನಿ, ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಪ್ರಕಟಿಸಿದ ತನ್ನ ಗ್ರಂಥವನ್ನು 1713ರಲ್ಲಿ ವಿಸ್ತರಿಸಿದಾಗ, ಬರವಣಿಗೆಯ ಗುಮಾಸ್ತರಿಗೂ ಅದರಲ್ಲಿ ಸ್ಥಾನ ಕಲ್ಪಿಸಿದನು. ಸದಾ ಕುಳಿತಿರುವುದು, ಕೈಯನ್ನು ಒಂದೇ ಬಗೆಯಾಗಿ ಆಡಿಸುವುದು, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗುವು, ಈ ಮೂರೂ ಅವರನ್ನು ಪೀಡಿಸುತ್ತವೆಂದು ಆತನು ಗುರುತಿಸಿದ್ದನು. ಲೇಖನಿಯ ಸ್ಥಾನಕ್ಕೆ ಕೀಲಿಮಣೆ ಬಂದಿತಾದರೂ ಈ ಮೂರು ಕಾರಣಗಳು ಇಂದಿಗೂ ಹಾಗೆಯೇ ಉಳಿದಿವೆ.

ಹೈದರಾಬಾದಿನಲ್ಲಿ 1998ರ ನವೆಂಬರಿನಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ನಂತರ ಕಂಪ್ಯೂಟರನ್ನೇ ನೆಚ್ಚಿದ ಸಂಸಾರಗಳು ನಗರದಲ್ಲಿ ಬೆಳೆಯುತ್ತ ಬಂದವು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಜಾರಿಗೆ ಬಂದಾಗ ಕಚೇರಿಯೇ ಮನೆಯೊಳಗೆ ಕಾಲಿಟ್ಟಿತು. ಊಟದ ಮೇಜು, ಮಂಚದ ಅಂಚು, ಮಕ್ಕಳ ಓದುವ ಮೇಜು, ಎಲ್ಲವೂ ಕಚೇರಿಯಾದವು. ಕೆಲವೇ ವಾರಗಳಿಗೆಂದು ಮಾಡಿಕೊಂಡ ಏರ್ಪಾಡನ್ನು ಎಷ್ಟೋ ಮನೆಗಳಲ್ಲಿ ಇನ್ನೂ ಬದಲಿಸಿಲ್ಲ. ಕತ್ತು, ಭುಜ, ಮಣಿಕಟ್ಟುಗಳು ಅದರ ಬೆಲೆ ತೆರುತ್ತಿವೆ.

ಬಡಗಿಯನ್ನು ಕರೆಯಿಸಿದೊಡನೆ ಆತನು ಕೇಳುವ ಮೊದಲ ಪ್ರಶ್ನೆ, "ಗೋಡೆ ಎಷ್ಟು ಅಡಿ?" ಎಂಬುದು. ಆದರೆ ಮೊದಲು ಅಳೆಯಬೇಕಾದದ್ದು ಗೋಡೆಯನ್ನಲ್ಲ, ಕುಳಿತುಕೊಳ್ಳುವವರನ್ನು. ಪಾದಗಳು ನೆಲಕ್ಕೆ ಪೂರ್ಣವಾಗಿ ತಾಗುವಂತೆ ಕುಳಿತು, ಭುಜಗಳನ್ನು ಸಡಿಲಬಿಟ್ಟು, ಮೊಣಕೈಗಳನ್ನು ಲಂಬಕೋನದಲ್ಲಿ ಮಡಿಸತಕ್ಕದ್ದು. ಆಗ ನೆಲದಿಂದ ಮೊಣಕೈಯವರೆಗಿನ ಎತ್ತರವೇ ಕೀಲಿಮಣೆ ಇರಬೇಕಾದ ಎತ್ತರ. ಭಾರತೀಯರ ದೇಹದ ಅಳತೆಗಳನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1997ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದೆ. ಆದರೂ ನಮ್ಮ ಮನೆಗಳ ಸಾಮಾನ್ಯ ಮೇಜುಗಳು ಇಂದಿಗೂ 29-30 ಅಂಗುಲ ಎತ್ತರದವು.

ದಂಪತಿಗಳಿಬ್ಬರೂ ಸರದಿಯಂತೆ ಒಂದೇ ಮೇಜನ್ನು ಬಳಸುತ್ತಾರೆಂದು ಭಾವಿಸೋಣ. 5 ಅಡಿ 8 ಅಂಗುಲದ ಪತಿಗೆ ಈ ಅಳತೆ ಸುಮಾರು 26 ಅಂಗುಲ. 5 ಅಡಿ 1 ಅಂಗುಲದ ಪತ್ನಿಗೆ ಸುಮಾರು 24. ಮೂವತ್ತು ಅಂಗುಲದ ಮೇಜಿನ ಮುಂದೆ ಆಕೆ ದಿನವಿಡೀ ಭುಜಗಳನ್ನು ಮೇಲೆತ್ತಿಯೇ ಬೆರಳಾಡಿಸಬೇಕಾಗುತ್ತದೆ. ಮೇಜನ್ನು ಎತ್ತರದವರಿಗೆ ಸರಿಹೊಂದುವಂತೆ 26 ಅಂಗುಲಕ್ಕೆ ಮಾಡಿಸಿ, ಏರಿಳಿಸಬಲ್ಲ ಕುರ್ಚಿಯನ್ನು ಆಕೆಗಾಗಿ 2 ಅಂಗುಲ ಏರಿಸಿ, ಪಾದಗಳ ಕೆಳಗೆ 2 ಅಂಗುಲದ ಕಾಲುಮಣೆಯನ್ನಿಟ್ಟರೆ ಇಬ್ಬರಿಗೂ ಅನುಕೂಲ. ಕಾಲುಮಣೆಯಿಲ್ಲದೆ ಕುರ್ಚಿಯನ್ನು ಮಾತ್ರ ಏರಿಸಿದರೆ ಕಾಲುಗಳು ಜೋತುಬಿದ್ದು ತೊಡೆಯ ಕೆಳಭಾಗ ಒತ್ತಿಹೋಗುತ್ತದೆ.

ಮೇಜಿನ ಮುಂಭಾಗದ ಸೆಳೆಖಾನೆಯ ಮೋಹವನ್ನು ಬಿಡತಕ್ಕದ್ದು. 17 ಅಂಗುಲದ ಕುರ್ಚಿಯಲ್ಲಿ ಕುಳಿತವರ ತೊಡೆಯ ಮೇಲ್ಭಾಗವು ನೆಲದಿಂದ ಸುಮಾರು 23 ಅಂಗುಲಕ್ಕೆ ಬರುತ್ತದೆ. 26 ಅಂಗುಲದ ಮೇಜಿನ ಕೆಳಗೆ 4 ಅಂಗುಲದ ಸೆಳೆಖಾನೆಯನ್ನು ಕೂಡಿಸಿದರೆ ತೊಡೆಗೆ ಜಾಗವೇ ಉಳಿಯದು. ಸೆಳೆಖಾನೆ ಬೇಕಾದವರು ಅದನ್ನು ಪಕ್ಕದಲ್ಲಿ ಬೇರೆಯಾಗಿ ಮಾಡಿಸಿಕೊಳ್ಳುವುದು ಲೇಸು.

ಪರದೆಯು ಒಂದು ತೋಳಿನ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಕ್ಕೆ ಇರಬೇಕು. ಬೈಫೋಕಲ್ ಕನ್ನಡಕ ಧರಿಸುವವರಿಗೆ ಇನ್ನೂ ಕೆಳಗಿದ್ದರೆ ಒಳಿತು. ಲ್ಯಾಪ್‌ಟಾಪ್ ಬಳಸುವವರು ಅದನ್ನು ಪೀಠದ ಮೇಲೇರಿಸಿ, ಕೀಲಿಮಣೆ ಮತ್ತು ಮೌಸನ್ನು ಪ್ರತ್ಯೇಕವಾಗಿ ಜೋಡಿಸಿಕೊಳ್ಳತಕ್ಕದ್ದು. ಇದಕ್ಕೆ 30 ಅಂಗುಲ ಅಗಲದ ಮೇಜು ಬೇಕು.

ಖರ್ಚಿನ ದೃಷ್ಟಿಯಿಂದಲೂ ಯೋಜನೆ ಅವಶ್ಯ. ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಮೊಳೆ, ತಿರುಪು, ತಿರುಗಣಿಗಳು ದೊರೆಯುತ್ತವೆ. ಪ್ಲೈವುಡ್ ಕೊಳ್ಳುವಾಗ ಐ.ಎಸ್. 303 ಎಂಬ ಗುರುತನ್ನು ನೋಡಿಕೊಳ್ಳಬೇಕು. 8 ಅಡಿಗೆ 4 ಅಡಿಯ, ಮುಕ್ಕಾಲು ಅಂಗುಲ ದಪ್ಪದ ಒಂದೇ ಹಲಗೆಯಲ್ಲಿ ಮೇಜು ಮುಗಿಯುತ್ತದೆ. ಉದ್ದದಲ್ಲಿ 60 ಅಂಗುಲ ಕತ್ತರಿಸಿ, ಅದರಲ್ಲಿ 30 ಅಂಗುಲ ಅಗಲದ ಮೇಲ್ಹಲಗೆಯನ್ನು ತೆಗೆದರೆ, ಉಳಿದ 18 ಅಂಗುಲದ ಪಟ್ಟಿಯಿಂದ ಹಿಂಬದಿಯ ಆಧಾರ ಹಾಗೂ ಪರದೆಯ ಪೀಠ ಸಿದ್ಧವಾಗುತ್ತವೆ. ಮಿಕ್ಕ 36 ಅಂಗುಲದ ಭಾಗದಿಂದ ಎರಡು ಬದಿಯ ಹಲಗೆಗಳು, ಉಳಿದ ತುಂಡಿನಿಂದ ಕಾಲುಮಣೆ. ಗರಗಸ ತಿನ್ನುವ ನುಸಿಯಷ್ಟು ಮರವನ್ನು ಮಾತ್ರ ಲೆಕ್ಕದಲ್ಲಿ ಬಿಟ್ಟುಕೊಳ್ಳಬೇಕು. ತಂತಿಗಳಿಗೆ ಹಿಂಬದಿಯಲ್ಲಿ ಒಂದು ರಂಧ್ರ ಇರಲಿ.

ಮೇಜನ್ನು ಇಡುವ ಜಾಗವೂ ಮುಖ್ಯ. ಕಿಟಕಿ ಎದುರಿಗಾಗಲಿ ಬೆನ್ನಿಗಾಗಲಿ ಇರದೆ ಪಕ್ಕದಲ್ಲಿರಬೇಕು. ಪಡುವಣ ಕಿಟಕಿಯನ್ನು ತಪ್ಪಿಸುವುದು ಇನ್ನೂ ಮೇಲು. ಹೈದರಾಬಾದಿನ ಮೇ ತಿಂಗಳ ಇಳಿಬಿಸಿಲು ಎಂಥದೆಂಬುದನ್ನು ಇಲ್ಲಿನ ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ಮರಕ್ಕೆ ಗರಗಸ ಹಚ್ಚುವ ಮೊದಲು ಒಂದು ಪರೀಕ್ಷೆ ನಡೆಸಿ ನೋಡುವುದು ಜಾಣತನ. ಹಳೆಯ ಹಲಗೆಯೊಂದನ್ನು ನಿಗದಿಯಾದ ಎತ್ತರಕ್ಕೆ ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಎರಡು ದಿನ ಅಲ್ಲಿಯೇ ಕೆಲಸ ಮಾಡಿದರೆ ತಪ್ಪೆಲ್ಲವೂ ಬಯಲಾಗುವುದು. ಕಾಗದದಲ್ಲಿ ತಿದ್ದಲು ಕಾಸಿಲ್ಲ. ಮರದಲ್ಲಿ ತಿದ್ದಲು ಹಣ ಬೇಕು. ದೇಹದಲ್ಲಿ ತಿದ್ದಲು ಹಣವಿದ್ದರೂ ಸಾಲದು.

ಎಷ್ಟೇ ಉತ್ತಮ ಮೇಜಾದರೂ ಅದು ಮನುಷ್ಯನನ್ನು ಎಬ್ಬಿಸಿ ನಡೆಸಲಾರದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು, ಇಪ್ಪತ್ತು ನಿಮಿಷಕ್ಕೊಮ್ಮೆ ದೂರದ ವಸ್ತುವಿನತ್ತ ದೃಷ್ಟಿ ಹರಿಸುವುದು ಅವರವರದೇ ಹೊಣೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯತೊಡಗಿದರೆ ಮಣಿಕಟ್ಟಿನ ನರ ಒತ್ತಿಹೋಗುತ್ತಿರಬಹುದು. ಆಗ ಬಡಗಿಯನ್ನಲ್ಲ, ವೈದ್ಯರನ್ನು ಕಾಣಬೇಕು. ಮೇಜು ಮನುಷ್ಯನಿಗಾಗಿಯೇ ಹೊರತು ಮನುಷ್ಯ ಮೇಜಿಗಾಗಿ ಅಲ್ಲವೆಂಬ ಅರಿವು ಮೂಡಿದರೆ, ಮೇಜಿನ ಯೋಜನೆ ಅರ್ಧ ಮುಗಿದಂತೆಯೇ ಸರಿ.